ಸಾಕೇ, ಸಾಲದೇ? ಡೇಟಾ ಸಫಿಷಿಯೆನ್ಸಿ ಲೆಕ್ಕಗಳನ್ನು ಬಿಡಿಸುವ ಬಗೆ

ಬ್ಯಾಂಕ್ ಪರೀಕ್ಷೆಗೆ ಓದುವವರು ಮಂಗಳೂರು, ಉಡುಪಿಗಳಲ್ಲಿ ಯಾವ ಕಾಲದಲ್ಲೂ ಕಡಿಮೆ ಇದ್ದವರಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನೆಲವಿದು. ಅವುಗಳಲ್ಲಿ ಮೂರು 2019 ಮತ್ತು 2020ರ ವಿಲೀನಗಳಲ್ಲಿ ಹೆಸರು ಕಳೆದುಕೊಂಡರೂ ಬ್ಯಾಂಕಿನ ನೌಕರಿಯ ಮೇಲೆ ಇಲ್ಲಿನ ಮನೆಗಳಿಗಿರುವ ಒಲವು ಕುಂದಿಲ್ಲ. ಹಾಗೆ ಓದುವವರಿಗೆ ಪಾಠ ಹೇಳುವಾಗ ನಾನು ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿದೆ. ಬಡ್ಡಿ, ಶೇಕಡಾ, ಕಾಲ-ದೂರ ಎಂದರೆ ಚಕಚಕನೆ ಲೆಕ್ಕ ಮುಗಿಸುವ ಜಾಣರೇ ಡೇಟಾ ಸಫಿಷಿಯೆನ್ಸಿ ಎಂಬ ಪ್ರಶ್ನೆಗಳೆದುರು ಮುಗ್ಗರಿಸುತ್ತಾರೆ. ಅವರಿಗೆ ಗಣಿತ ಬಾರದೆಂದು ಇದರ ಅರ್ಥವಲ್ಲ. ಹತ್ತು ಹನ್ನೆರಡು ವರ್ಷ ಶಾಲೆ ಕಲಿಸಿದ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ, ಅಷ್ಟೆ.

ಈ ಪ್ರಶ್ನೆಗಳ ರಚನೆ ಸರಳ. ಮೊದಲು ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆಗಳು, ಕೆಲವು ಬ್ಯಾಂಕ್ ಪರೀಕ್ಷೆಗಳಲ್ಲಿ ಮೂರು. ಪ್ರಶ್ನೆಗೆ ಉತ್ತರ ಹೇಳಿ ಎಂದು ಇಲ್ಲಿ ಕೇಳುವುದಿಲ್ಲ. ಉತ್ತರ ಹೇಳುವುದಕ್ಕೆ ಮೊದಲನೆಯ ಹೇಳಿಕೆಯೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಎರಡರಲ್ಲಿ ಯಾವುದಾದರೂ ಒಂದಿದ್ದರೆ ಸಾಕೇ, ಎರಡನ್ನೂ ಸೇರಿಸಲೇಬೇಕೇ ಅಥವಾ ಸೇರಿಸಿದರೂ ಸಾಲದೇ ಎಂದು ಕೇಳುತ್ತಾರೆ. ಐದು ಆಯ್ಕೆಗಳೂ ಇವೇ, ಪ್ರತಿ ಪ್ರಶ್ನೆಗೂ ಇವೇ. ಬ್ಯಾಂಕ್ ನೇಮಕಾತಿಗೆ ನಡೆಯುವ ಐಬಿಪಿಎಸ್ ಮತ್ತು ಎಸ್‌ಬಿಐ ಪರೀಕ್ಷೆಗಳಲ್ಲಿ ಇಂಥವು ಗಣಿತದ ಭಾಗದಲ್ಲೂ ತರ್ಕವನ್ನು ಅಳೆಯುವ ರೀಸನಿಂಗ್ ಭಾಗದಲ್ಲೂ ಬರುವುದುಂಟು. ವಿದೇಶದಲ್ಲಿ ಎಂಬಿಎ ಓದಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಇವು ಮೊದಲು ಗಣಿತದ ಭಾಗದಲ್ಲಿದ್ದವು. 2023ರ ನವೆಂಬರಿನಲ್ಲಿ ಹೊಸ ಮಾದರಿ ಬಂದ ಮೇಲೆ ಡೇಟಾ ಇನ್‌ಸೈಟ್ಸ್ ಎಂಬ ಭಾಗಕ್ಕೆ ಸ್ಥಳಾಂತರಗೊಂಡಿವೆ. ಆ ಭಾಗದಲ್ಲಿ ಐದು ಬಗೆಯ ಪ್ರಶ್ನೆಗಳು ಸೇರಿ ಒಟ್ಟು 20, ಸಮಯ 45 ನಿಮಿಷ. ಅಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ, ಆದರೆ ಡೇಟಾ ಸಫಿಷಿಯೆನ್ಸಿಗೆ ಅದರಿಂದಾಗುವ ಉಪಕಾರ ಅತ್ಯಲ್ಪ. ಏಕೆಂದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಗುಣಾಕಾರ, ಭಾಗಾಕಾರಗಳಲ್ಲ.

ಹಾಗಾದರೆ ಪರೀಕ್ಷೆಗೆ ಒಳಗಾಗುವುದೇನು? ಪ್ರಶ್ನೆಯನ್ನು ಓದಿದ ಕ್ಷಣ ಎಷ್ಟೆಷ್ಟು ಸಾಧ್ಯತೆಗಳು ತೆರೆದಿರುತ್ತವೆಯೋ ಅವುಗಳನ್ನೆಲ್ಲ ಒಂದು ರಾಶಿ ಎಂದುಕೊಳ್ಳಿ. ಪ್ರತಿಯೊಂದು ಹೇಳಿಕೆಯೂ ಆ ರಾಶಿಯಿಂದ ಕೆಲವು ಸಾಧ್ಯತೆಗಳನ್ನು ತೆಗೆದುಹಾಕುತ್ತದೆ. ತೆಗೆದ ಮೇಲೆ ಉಳಿದ ಸಾಧ್ಯತೆಗಳೆಲ್ಲವೂ ಕೇಳಿದ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟರೆ ಆ ಹೇಳಿಕೆ ಸಾಕು. ಉಳಿದವುಗಳಲ್ಲಿ ಎರಡಾದರೂ ಬೇರೆ ಬೇರೆ ಉತ್ತರ ಕೊಟ್ಟರೆ ಸಾಲದು. ಈ ವಿಷಯದ ತಿರುಳೆಲ್ಲ ಇಷ್ಟೇ. ಆದರೆ ಇದರಿಂದ ಹೊರಡುವ ಒಂದು ಮಾತನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ‘ಸಾಲದು’ ಎಂದು ತೋರಿಸಲು ಎರಡು ಉದಾಹರಣೆಗಳು ಬೇಕು, ‘ಸಾಕು’ ಎಂದು ತೋರಿಸಲು ಎಷ್ಟು ಉದಾಹರಣೆಗಳಾದರೂ ಸಾಲವು, ಅದಕ್ಕೆ ಕಾರಣ ಬೇಕು. ಒಂದು ಬೆಲೆಯನ್ನು ಹಾಕಿ ನೋಡಿ, ಹೊಂದುತ್ತದೆಂದು ಸಂತೋಷಪಟ್ಟು, ‘ಸಾಕು’ ಎಂದು ಗುರುತು ಹಾಕಿ ಮುಂದೆ ಹೋಗುವವರೇ ಹೆಚ್ಚು. ಹೊಂದುವ ಮತ್ತೊಂದು ಬೆಲೆ ಇದೆಯೇ ಎಂದು ಹುಡುಕುವುದೇ ಇಲ್ಲಿನ ನಿಜವಾದ ಕೆಲಸ.

ನಮ್ಮೂರಿನದೇ ಒಂದು ಲೆಕ್ಕ ನೋಡೋಣ. ಒಂದು ಬಸ್ಸು ಮಂಗಳೂರಿನಿಂದ ಉಡುಪಿಗೆ ಹೋಯಿತು; ಅದರ ಸರಾಸರಿ ವೇಗ ಎಷ್ಟು?

ಹೇಳಿಕೆ 1: ಬಸ್ಸು ಒಂದೂವರೆ ಗಂಟೆ ತೆಗೆದುಕೊಂಡಿತು.
ಹೇಳಿಕೆ 2: ಅದೇ ದಾರಿಯಲ್ಲಿ ಮರಳುವಾಗ ಸರಾಸರಿ ವೇಗ ಗಂಟೆಗೆ 10 ಕಿ.ಮೀ. ಕಡಿಮೆಯಾಗಿ, ಅರ್ಧ ಗಂಟೆ ಹೆಚ್ಚು ಹಿಡಿಯಿತು.

ಈ ಪ್ರಶ್ನೆ ಕೊಟ್ಟಾಗ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವ ಒಬ್ಬ ವಿದ್ಯಾರ್ಥಿನಿಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘60 ಕಿ.ಮೀ.’ ಎಂದು ಬರೆದಿತ್ತು, ಅದರ ಪಕ್ಕದಲ್ಲಿ 60 ಭಾಗಿಸು 1.5, ಅದರ ಕೆಳಗೆ 40, ಅದರ ಸುತ್ತ ಒಂದು ವೃತ್ತ. ಮೊದಲನೆಯ ಹೇಳಿಕೆಯೊಂದೇ ಸಾಕು ಎಂಬುದು ಆಕೆಯ ಉತ್ತರ. ದಾರಿ ಆಕೆಗೆ ಗೊತ್ತು, ದೂರ ಸುಮಾರು ಅಷ್ಟೇ ಎಂಬುದೂ ಗೊತ್ತು. ಆದರೆ ಪ್ರಶ್ನೆಪತ್ರಿಕೆಗೆ ಅದು ಗೊತ್ತಿಲ್ಲ. ಹೇಳಿಕೆಯಲ್ಲಿ ಇಲ್ಲದ ಲೋಕಜ್ಞಾನವನ್ನು ಇಲ್ಲಿ ಸೇರಿಸುವಂತಿಲ್ಲ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ, ವಾರಕ್ಕೆ ಏಳು ದಿನ ಎಂಬಂಥ ತಿಳಿವಳಿಕೆಗಳಿಗೆ ಮಾತ್ರ ಪ್ರವೇಶವಿದೆ. ಊರಿಂದೂರಿಗೆ ಇರುವ ದೂರಕ್ಕಾಗಲಿ ಮಾರುಕಟ್ಟೆಯ ದರಕ್ಕಾಗಲಿ ಇಲ್ಲ.

ಅದನ್ನು ಬದಿಗಿಟ್ಟು ನೋಡಿದರೆ ಮೊದಲನೆಯ ಹೇಳಿಕೆ ಸಾಲದು. ದೂರ 60 ಆದರೆ ವೇಗ 40, ದೂರ 75 ಆದರೆ ವೇಗ 50. ಇನ್ನು ಎರಡನೆಯದು. ಇದನ್ನು ಓದುವಾಗ ಮೊದಲನೆಯದನ್ನು ಮನಸ್ಸಿನಿಂದ ಪೂರ್ತಿಯಾಗಿ ಒರೆಸಿಹಾಕಬೇಕು, ಒಂದೂವರೆ ಗಂಟೆ ಎಂಬುದು ಈಗ ಇಲ್ಲವೇ ಇಲ್ಲ. ದೂರ 60 ಇದ್ದು ಹೋಗುವಾಗ ವೇಗ 40 ಆಗಿದ್ದರೆ, ಹೋಗಲು ಒಂದೂವರೆ ಗಂಟೆ, 30ರ ವೇಗದಲ್ಲಿ ಮರಳಲು ಎರಡು ಗಂಟೆ. ಅರ್ಧ ಗಂಟೆಯ ವ್ಯತ್ಯಾಸ ಬಂತು. ದೂರ 100 ಇದ್ದು ವೇಗ 50 ಆಗಿದ್ದರೆ, ಹೋಗಲು ಎರಡು ಗಂಟೆ, 40ರ ವೇಗದಲ್ಲಿ ಮರಳಲು ಎರಡೂವರೆ. ಇಲ್ಲಿಯೂ ಅರ್ಧ ಗಂಟೆಯೇ. ಎರಡು ಉತ್ತರಗಳು ಸಿಕ್ಕಿದ್ದರಿಂದ ಇದೂ ಸಾಲದು. ಎರಡನ್ನೂ ಸೇರಿಸಿದಾಗ ಹೋಗಲು ಒಂದೂವರೆ, ಬರಲು ಎರಡು ಗಂಟೆ. ದೂರ ಒಂದೇ ಆದ್ದರಿಂದ ವೇಗದ ಒಂದೂವರೆ ಪಟ್ಟು, ವೇಗದಲ್ಲಿ ಹತ್ತು ಕಳೆದದ್ದರ ಎರಡು ಪಟ್ಟಿಗೆ ಸಮವಾಗಬೇಕು. ಒಂದೇ ಅಜ್ಞಾತವಿರುವ ನೇರ ಸಮೀಕರಣ, ಒಂದೇ ಪರಿಹಾರ. ಇಲ್ಲಿಯೇ ನಿಲ್ಲಿಸಬಹುದು, ವೇಗ 40 ಎಂದು ಕಂಡುಹಿಡಿಯಬೇಕಾದ ಅಗತ್ಯವೇ ಇಲ್ಲ. ವಿದ್ಯಾರ್ಥಿನಿ ವೃತ್ತ ಹಾಕಿದ್ದೂ 40ಕ್ಕೇ ಎಂಬುದನ್ನು ಗಮನಿಸಬೇಕು. ಸಂಖ್ಯೆ ಸರಿಯಾಗಿದ್ದೂ ಅಂಕ ಬರಲಿಲ್ಲ. ಏಕೆಂದರೆ ಆ ಸಂಖ್ಯೆಯನ್ನು ಯಾರೂ ಕೇಳಿರಲಿಲ್ಲ.

ಒಂದು ಹೇಳಿಕೆಯಿಂದ ಎರಡು ಕಡೆಗೆ ದಾರಿ ತೆರೆದರೆ ಅದನ್ನು ಆಧಾರವಾಗಿ ಒಪ್ಪಬಾರದು ಎಂಬ ವಿಚಾರ ನಮಗೆ ಹೊಸತಲ್ಲ. ಉಡುಪಿಯ ಮಠಗಳ ಪರಂಪರೆಯಲ್ಲಿ ಇಂದಿಗೂ ಪಾಠ ನಡೆಯುವ ತರ್ಕಶಾಸ್ತ್ರದಲ್ಲಿ ಇಂಥ ಹೇತುವನ್ನು ಅನೈಕಾಂತಿಕ ಎನ್ನುತ್ತಾರೆ, ಅದೊಂದು ದೋಷ. ಹೊಗೆಯಿದ್ದರೆ ಬೆಂಕಿಯಿದೆ ಎನ್ನಬಹುದು. ಬೆಂಕಿಯಿದ್ದರೆ ಹೊಗೆಯಿದೆ ಎನ್ನಲಾಗದು. ಅಡುಗೆಮನೆಯ ಸೌದೆ ಒಲೆಯಲ್ಲಿ ಬೆಂಕಿಯೂ ಇದೆ ಹೊಗೆಯೂ ಇದೆ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ತಾರ್ಕಿಕರು ಆ ಕಾದ ಕಬ್ಬಿಣವನ್ನು ಮುಂದಿಟ್ಟು ವಾದವನ್ನು ಮುರಿಯುವುದೂ, ಪರೀಕ್ಷೆ ಬರೆಯುವವರು ದೂರ 100, ವೇಗ 50 ಎಂಬ ಎರಡನೆಯ ಜೋಡಿಯನ್ನು ಹುಡುಕಿ ‘ಸಾಲದು’ ಎನ್ನುವುದೂ ಒಂದೇ ಕ್ರಿಯೆ. ಈ ಸಂಬಂಧವನ್ನು ಕಂಡವರಿಗೆ ಡೇಟಾ ಸಫಿಷಿಯೆನ್ಸಿ ಪರೀಕ್ಷೆಯ ಕಸರತ್ತಾಗಿ ಉಳಿಯುವುದಿಲ್ಲ ಎಂದು ನಾನು ನಂಬುತ್ತೇನೆ.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ಬೆಲೆಯನ್ನು ಕೇಳುವುದಿಲ್ಲ, ಹೌದೋ ಅಲ್ಲವೋ ಎಂದು ಕೇಳುತ್ತಾರೆ. ‘ಕ’ ಒಂದು ಧನ ಪೂರ್ಣಾಂಕ. ಅದು ಅವಿಭಾಜ್ಯ ಸಂಖ್ಯೆಯೇ? ಹೇಳಿಕೆ 1: ಕ 24ಕ್ಕಿಂತ ಹೆಚ್ಚು, 28ಕ್ಕಿಂತ ಕಡಿಮೆ. ಹೇಳಿಕೆ 2: ಕ ಬೆಸ ಸಂಖ್ಯೆ. ಮೊದಲನೆಯ ಹೇಳಿಕೆಯ ಪ್ರಕಾರ ಕ 25, 26, 27 ಇವುಗಳಲ್ಲಿ ಯಾವುದೂ ಆಗಬಹುದು. ಬೆಲೆ ಖಚಿತವಾಗಲಿಲ್ಲವೆಂದು ಅನೇಕರು ಇಲ್ಲಿಯೇ ‘ಸಾಲದು’ ಎಂದು ಬಿಡುತ್ತಾರೆ. ಆದರೆ ಮೂರರಲ್ಲಿ ಒಂದೂ ಅವಿಭಾಜ್ಯವಲ್ಲ. ಹಾಗಾಗಿ ಕೇಳಿದ ಪ್ರಶ್ನೆಗೆ ‘ಅಲ್ಲ’ ಎಂಬ ಒಂದೇ ಉತ್ತರ ಬರುತ್ತದೆ, ಆದ್ದರಿಂದ ಹೇಳಿಕೆ ಸಾಕು. ಖಡಾಖಂಡಿತವಾದ ‘ಅಲ್ಲ’ ಎಂಬುದು ಖಡಾಖಂಡಿತವಾದ ‘ಹೌದು’ ಎಂಬುದರಷ್ಟೇ ಪೂರ್ಣವಾದ ಉತ್ತರ. ಎರಡನೆಯ ಹೇಳಿಕೆಯಲ್ಲಿ 7 ಮತ್ತು 9 ಎರಡೂ ಬರುವುದರಿಂದ ಅದು ಸಾಲದು. ‘ಅಲ್ಲ’ ಎಂದು ಬಂದೊಡನೆ ‘ಸಾಲದು’ ಎಂದು ಗುರುತು ಹಾಕುವ ತಪ್ಪು ಎಷ್ಟು ಸಾಮಾನ್ಯವೆಂದರೆ, ಪ್ರಶ್ನೆ ತಯಾರಿಸುವವರು ಅದಕ್ಕಾಗಿಯೇ ಇಂಥ ಲೆಕ್ಕಗಳನ್ನು ಕಟ್ಟುತ್ತಾರೆ.

ಹೌದು-ಅಲ್ಲ ಪ್ರಶ್ನೆಗಳಲ್ಲಿ ಉದಾಹರಣೆ ಹಾಕಿ ನೋಡುವಾಗ 2, 3, 10 ಎಂಬ ಸೌಮ್ಯ ಸಂಖ್ಯೆಗಳನ್ನಷ್ಟೇ ತೆಗೆದುಕೊಂಡರೆ ಮೋಸ ಹೋಗುತ್ತೀರಿ. ಕ-ವರ್ಗವು ಕ-ಗಿಂತ ದೊಡ್ಡದೇ ಎಂದು ಕೇಳಿ, ಕ ಧನ ಸಂಖ್ಯೆಯೆಂದೂ ಕ ಪೂರ್ಣಾಂಕವೆಂದೂ ಎರಡು ಹೇಳಿಕೆ ಕೊಟ್ಟರೆ, ಸೇರಿಸಿದರೆ ಸಾಕು ಎಂದು ಕೈ ತಾನಾಗಿ ಬರೆಯುತ್ತದೆ. ಕ 1 ಆಗಿದ್ದರೆ ವರ್ಗವೂ 1, ದೊಡ್ಡದಲ್ಲ. ಕ 2 ಆಗಿದ್ದರೆ ವರ್ಗ 4, ದೊಡ್ಡದು. ಸೇರಿಸಿದರೂ ಸಾಲದು. ಸೊನ್ನೆ, ಒಂದು, ಅರ್ಧ, ಋಣ ಸಂಖ್ಯೆ, ಇಷ್ಟನ್ನು ಹೇಳಿಕೆ ಎಲ್ಲಿಯವರೆಗೆ ಬಿಡುತ್ತದೆಯೋ ಅಲ್ಲಿಯವರೆಗೆ ಹಾಕಿ ನೋಡಲೇಬೇಕು.

ಈಗ ಅತ್ಯಂತ ಹೆಚ್ಚು ಜನ ಬೀಳುವ ಹೊಂಡಕ್ಕೆ ಬರೋಣ. ಒಂದು ಹೋಟೆಲಿನಲ್ಲಿ ಬನ್ಸ್ ಪ್ಲೇಟಿಗೆ 35 ರೂಪಾಯಿ, ಗೋಳಿಬಜೆ ಪ್ಲೇಟಿಗೆ 45 ರೂಪಾಯಿ. ಒಂದು ಮೇಜಿನವರು ಈ ಎರಡನ್ನಲ್ಲದೆ ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಅವರು ತೆಗೆದುಕೊಂಡ ಬನ್ಸ್ ಎಷ್ಟು ಪ್ಲೇಟು?

ಹೇಳಿಕೆ 1: ಒಟ್ಟು 7 ಪ್ಲೇಟು ತೆಗೆದುಕೊಂಡರು.
ಹೇಳಿಕೆ 2: ಒಟ್ಟು ಬಿಲ್ಲು 285 ರೂಪಾಯಿ.

ಎರಡು ಅಜ್ಞಾತಗಳಿದ್ದರೆ ಎರಡು ಸಮೀಕರಣ ಬೇಕು ಎಂಬ ಪಾಠ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿದೆ. ಹಾಗಾಗಿ ಎರಡೂ ಸೇರಿದರೆ ಸಾಕು ಎಂದು ಕ್ಷಣದಲ್ಲಿ ಗುರುತು ಬೀಳುತ್ತದೆ. ಅದು ತಪ್ಪು. ಪ್ಲೇಟುಗಳನ್ನು ಅರ್ಧಕ್ಕೆ, ಕಾಲಿಗೆ ಕೊಡುವುದಿಲ್ಲ. ಸಂಖ್ಯೆ ಪೂರ್ಣಾಂಕವೇ ಆಗಬೇಕು, ಋಣವಾಗುವಂತೆಯೂ ಇಲ್ಲ. 285 ರೂಪಾಯಿಯ ಬಿಲ್ಲನ್ನು ಐದರಿಂದ ಭಾಗಿಸಿದರೆ ಬನ್ಸಿನ ಏಳು ಪಟ್ಟು ಮತ್ತು ಗೋಳಿಬಜೆಯ ಒಂಬತ್ತು ಪಟ್ಟು ಕೂಡಿ 57 ಆಗಬೇಕೆಂದಾಯಿತು. 57ರಿಂದ ಒಂಬತ್ತೊಂಬತ್ತನ್ನು ಕಳೆಯುತ್ತಾ ಹೋಗಿ: 57, 48, 39, 30, 21, 12, 3. ಇವುಗಳಲ್ಲಿ ಏಳರಿಂದ ಭಾಗವಾಗುವುದು 21 ಒಂದೇ. ಅಂದರೆ ಗೋಳಿಬಜೆ ನಾಲ್ಕು, ಬನ್ಸ್ ಮೂರು, ಬೇರೆ ದಾರಿಯೇ ಇಲ್ಲ. ಎರಡನೆಯ ಹೇಳಿಕೆಯೊಂದೇ ಸಾಕು. ಮೊದಲನೆಯದು ಕಣ್ಣಿಗೆ ಕಟ್ಟಿದ ಪಟ್ಟಿ ಮಾತ್ರ.

ಅದೇ ಬಿಲ್ಲು 420 ರೂಪಾಯಿ ಆಗಿದ್ದರೆ ಕಥೆ ಬದಲಾಗುತ್ತದೆ. ಬನ್ಸ್ 3, ಗೋಳಿಬಜೆ 7 ಎಂದರೂ ಸರಿ. ಬನ್ಸ್ 12, ಗೋಳಿಬಜೆ ಒಂದೂ ಇಲ್ಲ ಎಂದರೂ ಸರಿ. ಆಗ ಆ ಹೇಳಿಕೆಯೊಂದೇ ಸಾಲದು. ಆದರೆ ಪ್ರಶ್ನೆಯಲ್ಲಿ ‘ಎರಡನ್ನೂ ತೆಗೆದುಕೊಂಡರು’ ಎಂಬ ಒಂದು ಸಣ್ಣ ಮಾತು ಇದ್ದರೆ ಸೊನ್ನೆ ತೊಲಗಿ ಮತ್ತೆ ಸಾಕಾಗುತ್ತದೆ. ‘ಕನಿಷ್ಠ ಒಂದು’, ‘ಧನ ಪೂರ್ಣಾಂಕ’, ‘ಬೇರೆ ಬೇರೆ’ ಎಂಬಂಥ ಪದಗಳು ಪ್ರಶ್ನೆಯಲ್ಲಿ ಅಲಂಕಾರಕ್ಕೆ ಕುಳಿತಿರುವುದಿಲ್ಲ. ಅವುಗಳ ಕೆಳಗೆ ಗೆರೆ ಎಳೆದು ಮುಂದೆ ಹೋಗುವುದು ಒಳ್ಳೆಯದು. ವಸ್ತುಗಳು ಬಿಡಿಬಿಡಿಯಾಗಿ ಎಣಿಸುವಂಥವಾಗಿದ್ದು, ಒಟ್ಟು ಮೊತ್ತ ಕೊಟ್ಟಿದ್ದಾಗಲೆಲ್ಲ ಆ ಒಂದೇ ಸಮೀಕರಣ ಸಾಕಾಗಿಬಿಡಬಹುದೇ ಎಂದು ಸಂಶಯಪಡಬೇಕು.

ಇದಕ್ಕೆ ಪ್ರತಿಯಾದ ಇನ್ನೊಂದು ಮೋಸ ಎರಡು ಸಮೀಕರಣಗಳಿದ್ದೂ ಸಾಲದೆ ಹೋಗುವುದು. ಎರಡು ಚೆಂಡು (ಇಲ್ಲಿ ಹೂ ಮಾರುವ ಅಳತೆ) ಮಲ್ಲಿಗೆಗೂ ಮೂರು ಚೆಂಡು ಜಾಜಿಗೂ ಕೂಡಿ 950 ರೂಪಾಯಿ ಎಂದು ಒಂದು ಹೇಳಿಕೆ. ನಾಲ್ಕು ಚೆಂಡು ಮಲ್ಲಿಗೆಗೂ ಆರು ಚೆಂಡು ಜಾಜಿಗೂ ಕೂಡಿ 1900 ರೂಪಾಯಿ ಎಂದು ಇನ್ನೊಂದು. ಒಂದು ಚೆಂಡು ಮಲ್ಲಿಗೆಯ ಬೆಲೆ ಎಷ್ಟು ಎಂದು ಕೇಳಿದರೆ ಎರಡನ್ನು ಸೇರಿಸಿದರೂ ಹೇಳಲಾಗದು. ಎರಡನೆಯದು ಮೊದಲನೆಯದರ ಇಮ್ಮಡಿ, ಹೊಸ ಸುದ್ದಿ ಏನನ್ನೂ ಅದು ತಂದಿಲ್ಲ. ಮಲ್ಲಿಗೆ 250, ಜಾಜಿ 150 ಆಗಬಹುದು; ಮಲ್ಲಿಗೆ 100, ಜಾಜಿ 250 ಕೂಡ ಆಗಬಹುದು. ಈಗ ಹೇಳಿಕೆಗಳನ್ನು ಹಾಗೆಯೇ ಇಟ್ಟು ಪ್ರಶ್ನೆಯನ್ನು ಮಾತ್ರ ಬದಲಿಸೋಣ. ಅಟ್ಟೆಗೆ ನಾಲ್ಕು ಚೆಂಡು ಎಂದು ಪ್ರಶ್ನೆಯಲ್ಲಿಯೇ ಹೇಳಿ, ಒಂದು ಅಟ್ಟೆ ಮಲ್ಲಿಗೆಗೂ ಆರು ಚೆಂಡು ಜಾಜಿಗೂ ಕೂಡಿ ಎಷ್ಟು ಎಂದು ಕೇಳಿದರೆ? ಆಗ ಎರಡರಲ್ಲಿ ಯಾವುದಾದರೂ ಒಂದು ಸಾಕು. ಒಂದೇ ಜೋಡಿ ಹೇಳಿಕೆಗಳು ‘ಸೇರಿಸಿದರೂ ಸಾಲದು’ ಎಂಬಲ್ಲಿಂದ ‘ಯಾವುದೊಂದಾದರೂ ಸಾಕು’ ಎಂಬಲ್ಲಿಗೆ ಹೋದದ್ದು ಪ್ರಶ್ನೆ ಬದಲಾದದ್ದರಿಂದ. ಆದ್ದರಿಂದಲೇ ಹೇಳಿಕೆಗಳತ್ತ ಕಣ್ಣು ಹಾಯಿಸುವ ಮೊದಲು, ಕೇಳಿರುವುದು ಏನು, ಅದನ್ನು ಹೇಳಲು ಕನಿಷ್ಠ ಏನು ಗೊತ್ತಿರಬೇಕು ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳುವಂತೆ ನಾನು ಒತ್ತಾಯಿಸುತ್ತೇನೆ. ಅದಕ್ಕೆ ತಗಲುವ ಹತ್ತು ಸೆಕೆಂಡು ವ್ಯರ್ಥವಲ್ಲ.

ಶೇಕಡಾ ಮತ್ತು ಅನುಪಾತದ ಪ್ರಶ್ನೆಗಳಲ್ಲಿ ಈ ಒಂದು ಸಾಲು ವಿಶೇಷವಾಗಿ ನೆರವಾಗುತ್ತದೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಅರಿಯದ ಅಂಗಡಿಯವರು ಈ ಕಡೆ ಇಲ್ಲ. ದಿನವೂ ಬಾಗಿಲಿಗೆ ಬಂದು ಸಣ್ಣ ಮೊತ್ತ ಸಂಗ್ರಹಿಸುವ ಪದ್ಧತಿ ಅದು. ಒಬ್ಬ ಪಿಗ್ಮಿ ಸಂಗ್ರಾಹಕ ಎರಡೇ ಅಂಗಡಿಗಳಿಂದ ಹಣ ಸಂಗ್ರಹಿಸಿದ. ಒಟ್ಟು ಮೊತ್ತದಲ್ಲಿ ಮೊದಲನೆಯ ಅಂಗಡಿಯ ಪಾಲು ಶೇಕಡಾ ಎಷ್ಟು? ಮೊದಲನೆಯ ಅಂಗಡಿ ಎರಡನೆಯದರ ಒಂದೂವರೆ ಪಟ್ಟು ಕಟ್ಟಿತು ಎಂಬುದು ಒಂದು ಹೇಳಿಕೆ, ಎರಡನೆಯ ಅಂಗಡಿ 3000 ರೂಪಾಯಿ ಕಟ್ಟಿತು ಎಂಬುದು ಇನ್ನೊಂದು. ರೂಪಾಯಿ ಕಾಣದೆ ನೆಮ್ಮದಿಯಿಲ್ಲದವರು ಎರಡನ್ನೂ ಸೇರಿಸುತ್ತಾರೆ. ಕೇಳಿರುವುದು ಪಾಲು, ಪಾಲಿಗೆ ಅನುಪಾತ ಸಾಕು. ಎರಡೂವರೆಯಲ್ಲಿ ಒಂದೂವರೆ ಎಂದರೆ ಶೇಕಡಾ 60. ಮೊದಲನೆಯ ಹೇಳಿಕೆಯೊಂದೇ ಸಾಕು.

ರೀಸನಿಂಗ್ ಭಾಗದಲ್ಲಿ ಸಂಖ್ಯೆಗಳ ಬದಲು ಆಸನ ವ್ಯವಸ್ಥೆ, ದಿಕ್ಕು, ರಕ್ತಸಂಬಂಧ, ಸ್ಥಾನಕ್ರಮ ಬರುತ್ತವೆ. ತತ್ತ್ವ ಬದಲಾಗುವುದಿಲ್ಲ. ಕಂಬಳದಲ್ಲಿ ಓಡಿದ ಕ, ಖ, ಗ, ಘ ಎಂಬ ನಾಲ್ಕು ಜೋಡಿ ಕೋಣಗಳಲ್ಲಿ ಅತಿ ಕಡಿಮೆ ಸಮಯದಲ್ಲಿ ಗುರಿ ಮುಟ್ಟಿದ್ದು ಯಾವುದು? ಕ ಜೋಡಿ ಖ ಮತ್ತು ಗ ಎರಡಕ್ಕಿಂತಲೂ ಬೇಗ ಮುಟ್ಟಿತು ಎಂದರೆ ಘ ಉಳಿಯಿತು. ಘ ಜೋಡಿ ಖ-ಗಿಂತ ಬೇಗ, ಗ-ಗಿಂತ ತಡ ಎಂದರೆ ಕ ಉಳಿಯಿತು. ಎರಡನ್ನೂ ಸೇರಿಸಿದರೆ ಕ, ಗ, ಘ, ಖ ಎಂಬ ಸಾಲು ನಿಲ್ಲುತ್ತದೆ, ಎರಡೂ ಬೇಕು. ರಕ್ತಸಂಬಂಧದ ಪ್ರಶ್ನೆಗಳಲ್ಲಿ ಎಚ್ಚರ ವಹಿಸಬೇಕಾದ ಮಾತು ಒಂದೇ: ಹೇಳಿಕೆಯಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಯಾರನ್ನೂ ಗಂಡು ಅಥವಾ ಹೆಣ್ಣು ಎಂದು ಊಹಿಸಬಾರದು.

ಪರೀಕ್ಷೆಗೆ ಕುಳಿತಾಗ ಆಯ್ಕೆಗಳ ಕ್ರಮವನ್ನು ಕಂಠಪಾಠ ಮಾಡಿಕೊಂಡಿರಬೇಕು, ಆದರೆ ಯಾವ ಪರೀಕ್ಷೆಯ ಕ್ರಮ ಎಂಬುದು ಮುಖ್ಯ. ಜಿಮ್ಯಾಟ್‌ನಲ್ಲಿ ಸಿ ಎಂದರೆ ಎರಡೂ ಸೇರಿದರೆ ಸಾಕು, ಡಿ ಎಂದರೆ ಬಿಡಿಬಿಡಿಯಾಗಿ ಪ್ರತಿಯೊಂದೂ ಸಾಕು, ಇ ಎಂದರೆ ಸೇರಿದರೂ ಸಾಲದು. ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೂರನೆಯದು ಯಾವುದಾದರೂ ಒಂದು ಸಾಕು ಎಂದೂ ನಾಲ್ಕನೆಯದು ಸೇರಿದರೂ ಸಾಲದು ಎಂದೂ ಐದನೆಯದು ಎರಡೂ ಬೇಕು ಎಂದೂ ಇರುತ್ತದೆ. ಎರಡಕ್ಕೂ ಒಟ್ಟಿಗೆ ತಯಾರಿ ನಡೆಸುವವರು ಲೆಕ್ಕವನ್ನು ಸರಿಯಾಗಿ ಮಾಡಿಯೂ ಗುರುತನ್ನು ತಪ್ಪಾಗಿ ಹಾಕುವುದು ಇಲ್ಲಿಯೇ.

ಕ್ರಮ ಯಾವುದೇ ಇರಲಿ, ಮೊದಲನೆಯ ಹೇಳಿಕೆಯ ನಿರ್ಣಯವಾದೊಡನೆ ಆಯ್ಕೆಗಳು ಇಬ್ಭಾಗವಾಗುತ್ತವೆ. ಅದು ಸಾಕಾದರೆ ಉಳಿಯುವುದು ಎರಡು ಆಯ್ಕೆ: ಮೊದಲನೆಯದು ಮಾತ್ರ, ಅಥವಾ ಪ್ರತಿಯೊಂದೂ. ಅದು ಸಾಲದಾದರೆ ಉಳಿಯುವುದು ಮೂರು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಬ್ಯಾಂಕ್ ಪರೀಕ್ಷೆಗಳಲ್ಲಿ ಇದಕ್ಕೆ ನೇರವಾದ ಬೆಲೆಯಿದೆ. ಒಂದು ಅಂಕದ ಪ್ರಶ್ನೆಗೆ ಐದು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸಿದರೆ ಐದರಲ್ಲೊಂದು ಬಾರಿ ಒಂದು ಅಂಕ ಬರುತ್ತದೆ, ಉಳಿದ ನಾಲ್ಕು ಬಾರಿ ಕಾಲುಕಾಲರಂತೆ ಒಂದು ಅಂಕ ಹೋಗುತ್ತದೆ. ಸರಾಸರಿ ಲಾಭ ಸರಿಯಾಗಿ ಸೊನ್ನೆ. ಮೂರು ಉಳಿದಿದ್ದರೆ ಸರಾಸರಿಯಾಗಿ ಅಂಕದ ಆರನೆಯ ಒಂದು ಭಾಗ ಲಾಭ. ಎರಡೇ ಉಳಿದಿದ್ದರೆ ಎಂಟರಲ್ಲಿ ಮೂರು ಭಾಗ. ಆದ್ದರಿಂದ ಸಮಯ ಮುಗಿಯುತ್ತಾ ಬಂದಿದ್ದು, ಒಂದೇ ಒಂದು ಹೇಳಿಕೆಯ ಬಗ್ಗೆ ಖಾತರಿಯಾಗಿದ್ದರೂ ಪ್ರಶ್ನೆಯನ್ನು ಖಾಲಿ ಬಿಡಬಾರದು. ಎರಡರಲ್ಲಿ ಸುಲಭವಾಗಿ ಕಾಣುವ ಹೇಳಿಕೆಯನ್ನು, ಅದು ಎರಡನೆಯದೇ ಆಗಿದ್ದರೂ, ಮೊದಲು ತೆಗೆದುಕೊಳ್ಳಿ.